ಎರಡು ಅಭ್ಯಾಸಕ್ರಮ, ಒಂದೇ ಮೊಣಕೈ

ದಕ್ಷಿಣ ಕೊಡಗಿನ ಒಂದು ಊರಿನಲ್ಲಿ, ಸೇನೆಗೆ ಸೇರಬೇಕೆನ್ನುವ ಹುಡುಗರಿಗೆ ನಾನು ಬೆಳಗಿನ ಹೊತ್ತು ದೈಹಿಕ ತರಬೇತಿ ಕೊಡುತ್ತೇನೆ. ಇಲ್ಲಿ ಬರೆಯುತ್ತಿರುವುದು ಅವರಲ್ಲಿ ಒಬ್ಬನ ಏಳು ತಿಂಗಳ ಅನುಭವ. ಅವನೂ ಅವನ ತಂದೆಯೂ ಒಪ್ಪಿದ ಮೇಲೆಯೇ ಬರೆಯಲು ಕುಳಿತಿದ್ದೇನೆ. ಹೆಸರು, ಊರು, ತೋಟದ ಗುರುತು ಯಾವುದನ್ನೂ ಕೊಟ್ಟಿಲ್ಲ; ಅವನನ್ನು ಹುಡುಗ ಎಂದೇ ಕರೆಯುತ್ತೇನೆ. ಅಂಕಿಗಳು ಮಾತ್ರ ಅವನ ನೋಟ್‌ಬುಕ್ಕಿನಲ್ಲಿ ಇದ್ದಂತೆಯೇ ಇವೆ.

ಹಿನ್ನೆಲೆ

ಹುಡುಗನಿಗೆ ಹತ್ತೊಂಬತ್ತು ವರ್ಷ, ತೂಕ 58 ಕಿಲೋ. ತಂದೆ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್, ಅಂದರೆ ಆಳುಗಳ ಹಾಜರಿ, ಕೆಲಸದ ಲೆಕ್ಕ ಬರೆಯುವವರು. ಮನೆಗೆ ಸೇರಿದ ಎರಡು ಎಕರೆ ರೊಬಸ್ಟಾ ತೋಟವಿದೆ, ಸಿಲ್ವರ್ ಓಕ್ ಮರಗಳಿಗೆ ಹಬ್ಬಿಸಿದ ಕರಿಮೆಣಸು ಇದೆ. ಪಿಯುಸಿಯಲ್ಲಿದ್ದಾಗ ಮಡಿಕೇರಿಯ ಸನ್ನಿ ಸೈಡ್‌ಗೆ, ಅಂದರೆ ಈಗ ವಸ್ತುಸಂಗ್ರಹಾಲಯವಾಗಿರುವ ಜನರಲ್ ತಿಮ್ಮಯ್ಯನವರ ಮನೆಗೆ, ಕಾಲೇಜಿನವರ ಜೊತೆ ಹೋಗಿ ಬಂದ ದಿನವೇ ಸೇನೆಗೆ ಸೇರಬೇಕೆಂದು ತೀರ್ಮಾನಿಸಿದನಂತೆ. ಅಗ್ನಿವೀರ್ ಭರ್ತಿಯ ದೈಹಿಕ ಪರೀಕ್ಷೆಯ ಅಂಕಗಳು ಅವನಿಗೆ ಬಾಯಿಪಾಠವಾಗಿದ್ದವು. 1.6 ಕಿಲೋಮೀಟರನ್ನು 5 ನಿಮಿಷ 30 ಸೆಕೆಂಡಿನೊಳಗೆ ಓಡಿದರೆ 60 ಅಂಕ. ಹತ್ತು ಪುಲ್‌ಅಪ್ ಎಳೆದರೆ 40, ಒಂಬತ್ತಕ್ಕೆ 33, ಎಂಟಕ್ಕೆ 27, ಏಳಕ್ಕೆ 21, ಆರಕ್ಕೆ 16.

ನವೆಂಬರ್ ಮೊದಲ ವಾರ ಅವನು ನನ್ನ ಬಳಿ ಬಂದಾಗ ಸರಿಯಾದ ಪುಲ್‌ಅಪ್ ನಾಲ್ಕೇ ಬರುತ್ತಿದ್ದವು. ಗಲ್ಲ ಸರಳಿನ ಮೇಲೆ ಬರಬೇಕು, ಕೆಳಗಿಳಿದಾಗ ಕೈ ಪೂರ್ತಿ ನೀಡಬೇಕು, ಕಾಲು ಒದೆಯಬಾರದು. ಹಾಗೆ ಎಣಿಸಿದರೆ ನಾಲ್ಕು. ಅವಸರಕ್ಕೆ ಕಾರಣ ಅದೇ.

ಅವನ ಕೈಯಲ್ಲಿ ಎರಡು ಹಾಳೆಗಳಿದ್ದವು. ಒಂದು ನಾನು ಎಲ್ಲರಿಗೂ ಕೊಡುವ ಕ್ರಮ. ಸೋಮವಾರ, ಬುಧವಾರ, ಶುಕ್ರವಾರ ಇಡೀ ದೇಹಕ್ಕೆ ಕೆಲಸ: ಪುಲ್‌ಅಪ್, ಸರಳಿನ ಕೆಳಗೆ ಅಡ್ಡ ಮಲಗಿ ಎದೆಯನ್ನು ಸರಳಿಗೆ ತರುವ ಅಡ್ಡ ಎಳೆತ, ಪುಷ್‌ಅಪ್, ಎರಡು ಸರಳುಗಳ ಮೇಲೆ ಕೈಯೂರಿ ಮೈಯನ್ನು ಇಳಿಸಿ ಏರಿಸುವ ಡಿಪ್ಸ್, ಬಸ್ಕಿ. ಒಂದೊಂದರಲ್ಲೂ ಮೂರು ಸೆಟ್. ಪ್ರತಿ ಸೆಟ್‌ನಲ್ಲಿ ಎಂಟು ಸಲೀಸಾಗಿ ಬಂದ ಮೇಲೆ ಅದರ ಕಷ್ಟದ ರೂಪಕ್ಕೆ ಹೋಗುವುದು. ಇನ್ನೊಂದು ಹಾಳೆಯನ್ನು ರಜೆಯಲ್ಲಿ ಬಂದಿದ್ದ ಅವನ ಅಣ್ಣನಂಥ ಬಂಧುವೊಬ್ಬರು ಬರೆದು ಕೊಟ್ಟಿದ್ದರು. ಅದರಲ್ಲಿ ಇದ್ದದ್ದು ಪುಲ್‌ಅಪ್ ಒಂದೇ. ದಿನಕ್ಕೆ ಐದು ಹೊತ್ತು, ಪ್ರತಿ ಹೊತ್ತಿಗೂ ತನ್ನ ಗರಿಷ್ಠದ ಅರ್ಧದಷ್ಟು ಎಳೆತ, ವಾರಕ್ಕೆ ಆರು ದಿನ. ಎಂದೂ ಸುಸ್ತಾಗುವಷ್ಟು ಎಳೆಯಬಾರದು ಎಂಬುದು ಅದರ ನಿಯಮ. ಎರಡೂ ಒಳ್ಳೆಯ ಕ್ರಮಗಳೇ. ಎರಡರಿಂದಲೂ ಬಲ ಬಂದವರನ್ನು ನಾನು ಕಂಡಿದ್ದೇನೆ.

"ಸರ್, ಎರಡನ್ನೂ ಒಟ್ಟಿಗೆ ಮಾಡಬಹುದೇ?" ಎಂದು ಕೇಳಿದ.

ಮಾಡು ಎಂದೆ. ಎರಡನೆಯ ಹಾಳೆಯಲ್ಲಿ ಪ್ರತಿ ಹೊತ್ತಿಗೂ ಎರಡೇ ಎಳೆತ ಬರುತ್ತಿತ್ತು. ಎರಡು ಎಳೆತದಿಂದ ಯಾರಿಗೆ ಏನಾದೀತು ಎಂದುಕೊಂಡೆ. ಆ ಒಪ್ಪಿಗೆ ನನ್ನದು, ಅದರ ಹೊಣೆಯೂ ನನ್ನದೇ.

ಮೊದಲ ಆರು ವಾರ

ಮನೆಯ ಹಿಂದೆ ಎರಡು ಸಿಲ್ವರ್ ಓಕ್ ಮರಗಳ ನಡುವೆ ಅವನೇ ಜಿ.ಐ. ಪೈಪ್ ಕಟ್ಟಿಕೊಂಡ. ಹಲ್ಲುಜ್ಜಿದ ಮೇಲೆ ಒಮ್ಮೆ, ತಿಂಡಿಗೆ ಮೊದಲು ಒಮ್ಮೆ, ಹೀಗೆ ದಿನಕ್ಕೆ ಐದು ಸಲ ಅದರ ಕೆಳಗೆ ನಿಲ್ಲುತ್ತಿದ್ದ. ನವೆಂಬರ್ ಕೊನೆಗೆ ಆರು ಬಂದವು. ಡಿಸೆಂಬರ್ ಮಧ್ಯಕ್ಕೆ ಏಳು. ಮೈದಾನದಲ್ಲಿ ಬೇರೆ ಹುಡುಗರು ತಮಗೂ ಆ ಎರಡನೆಯ ಹಾಳೆ ಬೇಕೆಂದು ಕೇಳತೊಡಗಿದರು.

ಮೊದಲ ಕೆಲವು ವಾರಗಳಲ್ಲಿ ಬರುವ ಈ ಏರಿಕೆಯನ್ನು ಅರ್ಥಮಾಡಿಕೊಳ್ಳುವುದು ಮುಖ್ಯ. ಹೊಸ ವ್ಯಾಯಾಮ ಶುರುಮಾಡಿದಾಗ ಮೊದಲು ಕಲಿಯುವುದು ನರಮಂಡಲ. ಇರುವ ಸ್ನಾಯುವನ್ನೇ ಹೆಚ್ಚು ಚೆನ್ನಾಗಿ ದುಡಿಸಿಕೊಳ್ಳುವುದನ್ನು ಅದು ಕಲಿಯುತ್ತದೆ. ಆದ್ದರಿಂದ ಅಂಕಿ ಬೇಗ ಏರುತ್ತದೆ. ಸ್ನಾಯು ದಪ್ಪವಾಗುವುದು ಅದರ ನಂತರ. ಸ್ನಾಯುವನ್ನು ಮೂಳೆಗೆ ಕಟ್ಟಿರುವ ಸ್ನಾಯುರಜ್ಜು ಗಟ್ಟಿಯಾಗುವುದು ಎಲ್ಲಕ್ಕಿಂತ ನಿಧಾನ, ಅದಕ್ಕೆ ತಿಂಗಳುಗಳೇ ಬೇಕು. ನಾಲ್ಕು ಏಳಾದಾಗ ನಾವು ಸಂಭ್ರಮಪಟ್ಟದ್ದು ಅತಿ ಬೇಗ ಕಲಿಯುವ ಭಾಗವನ್ನು ನೋಡಿ. ಅತಿ ನಿಧಾನವಾಗಿ ಹೊಂದಿಕೊಳ್ಳುವ ಭಾಗ ಆಗಿನ್ನೂ ನವೆಂಬರ್ ಮೊದಲ ವಾರದಲ್ಲೇ ನಿಂತಿತ್ತು.

ತೊಂದರೆ

ಡಿಸೆಂಬರ್ ಕೊನೆಯಲ್ಲಿ ಏಳು ಏಳಾಗಿಯೇ ಉಳಿಯಿತು. ಬಲ ಮೊಣಕೈಯ ಒಳಬದಿ ಬೆಳಿಗ್ಗೆ ಬಿಗಿದಂತಿರುತ್ತದೆ, ಹತ್ತು ನಿಮಿಷ ಓಡಿದರೆ ಸರಿಹೋಗುತ್ತದೆ ಎಂದು ಒಮ್ಮೆ ಹೇಳಿದ. ನಾನೂ ಅದನ್ನು ಚಳಿಗೆ ಹೊರಿಸಿದೆ. ಜನವರಿ ಮೂರನೆಯ ವಾರ ಪರೀಕ್ಷಿಸಿದಾಗ ಐದಕ್ಕೆ ಕೈ ಬಿಟ್ಟ. ಬಚ್ಚಲಿನಲ್ಲಿ ತುಂಬಿದ ಬಕೆಟ್ ಎತ್ತುವಾಗಲೂ ಒದ್ದೆ ಬಟ್ಟೆ ಹಿಂಡುವಾಗಲೂ ನೋವು ಚುಚ್ಚುತ್ತಿತ್ತು. 6 ನಿಮಿಷ 5 ಸೆಕೆಂಡಿನಲ್ಲಿ ಮುಗಿಸುತ್ತಿದ್ದ ಓಟ 6 ನಿಮಿಷ 20 ಸೆಕೆಂಡಿಗೆ ಬಂದಿತ್ತು. ರಾತ್ರಿ ನಿದ್ದೆ ಸರಿಯಿಲ್ಲ ಎಂದು ಅವನ ತಾಯಿ ಹೇಳಿ ಕಳುಹಿಸಿದರು.

ಏರಿ, ನಿಂತು, ಇಳಿದ ಆ ರೇಖೆ ನನಗೆ ಪರಿಚಿತವಾದದ್ದೇ. 1980ರಲ್ಲಿ ಅಮೆರಿಕದ ರಾಬರ್ಟ್ ಹಿಕ್ಸನ್ ಹತ್ತು ವಾರಗಳ ಒಂದು ಪ್ರಯೋಗ ನಡೆಸಿದರು. ಅದರಲ್ಲಿ ಒಂದು ಗುಂಪಿಗೆ ಕಾಲಿನ ಬಲದ ತರಬೇತಿ ಮತ್ತು ದಮ್ಮಿನ ತರಬೇತಿ ಎರಡನ್ನೂ ಪೂರ್ಣ ಪ್ರಮಾಣದಲ್ಲಿ ಒಟ್ಟಿಗೆ ಕೊಡಲಾಗಿತ್ತು. ಮೊದಲ ಆರೇಳು ವಾರ ಅವರ ಬಲ ಬೇರೆಯವರಂತೆಯೇ ಏರಿತು. ಆಮೇಲೆ ನಿಂತು, ಕೊನೆಯ ವಾರಗಳಲ್ಲಿ ಇಳಿಯಿತು. ಅದು ಕಾಲಿನ ಲೆಕ್ಕ, ನಮ್ಮದು ಕೈಯದು. ಎರಡನ್ನೂ ಒಂದೇ ಎನ್ನಲಾರೆ. ಆದರೂ ಅದರಿಂದ ಒಂದು ವಿಷಯ ತಿಳಿಯುತ್ತದೆ: ಎರಡು ಹೊರೆಗಳನ್ನು ಒಟ್ಟಿಗೆ ಹೊರಿಸಿದರೆ ಮೊದಲ ತಿಂಗಳು ಏನೂ ಆಗಿಲ್ಲವೆಂದೇ ಕಾಣುತ್ತದೆ.

ಏನೇನು ಮಾಡಿ ನೋಡಿದೆವು

ಜನವರಿ ಮೊದಲಲ್ಲೇ ನಾಲ್ಕು ದಿನ ಪೂರ್ತಿ ವಿರಾಮ ಕೊಟ್ಟಿದ್ದೆವು. ನೋವು ಹೋಯಿತು. ಎರಡೂ ಕ್ರಮಗಳನ್ನು ಇದ್ದಂತೆಯೇ ಮತ್ತೆ ಹಿಡಿದ, ಮೂರೇ ದಿನದಲ್ಲಿ ನೋವು ಮರಳಿತು. ವಿರಾಮದಿಂದ ನೋವು ಹೋದದ್ದನ್ನೇ ಗುಣವಾಯಿತು ಎಂದು ತಿಳಿದೆವು.

ಆಮೇಲೆ ಒಟ್ಟು ಕೆಲಸ ಹೆಚ್ಚಾಗಿದೆ, ಸ್ವಲ್ಪ ಕಡಿಮೆ ಮಾಡೋಣ ಎಂದುಕೊಂಡೆವು. ಕಡಿಮೆ ಮಾಡಿದ್ದು ಯಾವುದನ್ನು? ಬಸ್ಕಿ, ಪುಷ್‌ಅಪ್, ಡಿಪ್ಸ್. ಪುಲ್‌ಅಪ್‌ಗೆ 40 ಅಂಕ ಇರುವುದರಿಂದ ಅದನ್ನು ಮುಟ್ಟಲು ಇಬ್ಬರಿಗೂ ಮನಸ್ಸು ಬರಲಿಲ್ಲ. ನೋಯುತ್ತಿದ್ದ ಜಾಗಕ್ಕೆ ಹೆಚ್ಚಿನ ಸಂಬಂಧವೇ ಇಲ್ಲದ ಕೆಲಸಗಳನ್ನು ತೆಗೆದು, ನೋಯಿಸುತ್ತಿದ್ದ ಕೆಲಸವನ್ನು ಹಾಗೆಯೇ ಉಳಿಸಿಕೊಂಡೆವು. ಮೊಣಕೈಗೆ ಪಟ್ಟಿ ಬಂತು, ಮೆಡಿಕಲ್ ಅಂಗಡಿಯ ಸ್ಪ್ರೇ ಬಂತು. ಎರಡೂ ಅರ್ಧ ಗಂಟೆಯ ನೆಮ್ಮದಿ ಕೊಟ್ಟವು.

ಕೊನೆಗೆ ಒಂದು ಸಂಜೆ ಅವನ ಮನೆಯ ಜಗಲಿಯಲ್ಲಿ ಕುಳಿತು ಲೆಕ್ಕ ಹಾಕಿದೆವು. ದಿನ, ಕ್ರಮ ಎಂದು ಎಣಿಸುವುದನ್ನು ಬಿಟ್ಟು, ಆ ಮೊಣಕೈ ವಾರಕ್ಕೆ ಎಷ್ಟು ಸಲ ಎಳೆಯುತ್ತದೆ ಎಂದು ಎಣಿಸಿದೆವು. ಮೊದಲ ವಾರ ನನ್ನ ಕ್ರಮದಿಂದ 36 ಪುಲ್‌ಅಪ್, 72 ಅಡ್ಡ ಎಳೆತ. ಇನ್ನೊಂದು ಹಾಳೆಯಿಂದ 60 ಪುಲ್‌ಅಪ್. ಒಟ್ಟು 168. ಗರಿಷ್ಠ ಆರಕ್ಕೆ ಏರಿದ ಮೇಲೆ ಪ್ರತಿ ಹೊತ್ತಿನ ಅರ್ಧವೂ ಎರಡರಿಂದ ಮೂರಾಯಿತು. ಆಗ 45, 72, 90, ಒಟ್ಟು 207. ನವೆಂಬರಿಗೆ ಮೊದಲು ಅದೇ ಕೈ ವಾರಕ್ಕೆ ಇಪ್ಪತ್ತು ಸಲ ಎಳೆದಿದ್ದರೆ ಹೆಚ್ಚು. ಎರಡೇ ಎಳೆತವಲ್ಲವೇ ಎಂದು ನಾನು ಒಪ್ಪಿಕೊಂಡ ಕ್ರಮ ವಾರಕ್ಕೆ ತೊಂಬತ್ತನ್ನು ತಂದು ಸೇರಿಸಿತ್ತು.

ಹಾಳೆಗಳನ್ನು ಅಕ್ಕಪಕ್ಕ ಇಟ್ಟಾಗ ಇನ್ನೊಂದು ಸಂಗತಿಯೂ ಕಂಡಿತು. ನನ್ನ ಕ್ರಮದಲ್ಲಿ ಮಂಗಳವಾರ, ಗುರುವಾರ, ಶನಿವಾರ ಖಾಲಿ ಇದ್ದವು. ಹುಡುಗ ಅವನ್ನು ಯಾರೂ ಬಿತ್ತದ ಗದ್ದೆಯಂತೆ ಕಂಡು ಎರಡನೆಯ ಕ್ರಮದಿಂದ ತುಂಬಿಸಿದ್ದ. ಖಾಲಿ ದಿನವೂ ಆ ಕ್ರಮದ ಭಾಗವೇ, ಅದನ್ನು ಬೇಕೆಂದೇ ಖಾಲಿ ಇಟ್ಟಿದ್ದೇನೆ ಎಂದು ನಾನು ಅವನಿಗೆ ಒಮ್ಮೆಯೂ ಹೇಳಿರಲಿಲ್ಲ. ಎರಡನೆಯ ಹಾಳೆಯದೂ ಅದೇ ಕಥೆ. ಪುಲ್‌ಅಪ್‌ಗೆ ಇದೊಂದೇ ಸಾಕು ಎಂಬ ನಂಬಿಕೆಯ ಮೇಲೆ ಅದನ್ನು ಬರೆದದ್ದು. ಆ ವ್ಯಕ್ತಿಯ ಬದುಕಿನಲ್ಲಿ ಇನ್ನೊಂದು ಕ್ರಮ ಇದ್ದೀತು ಎಂದು ಎಣಿಸಿ ಯಾರೂ ಕ್ರಮ ಬರೆಯುವುದಿಲ್ಲ.

ಅಷ್ಟರಲ್ಲಿ ಅವನ ತಂದೆ ಎಸ್ಟೇಟಿನಿಂದ ಬಂದರು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಚೆಕ್‌ರೋಲ್ ಬರೆದ ಕೈ ಅವರದು. ಯಾರು ಎಷ್ಟು ದಿನ ಬಂದರು, ಎಷ್ಟು ಕಿಲೋ ಕೊಯ್ದರು ಎಂಬುದನ್ನು ಒಂದು ನೋಟದಲ್ಲಿ ಹಿಡಿಯುತ್ತಾರೆ. ನಮ್ಮ ಹಾಳೆಯನ್ನು ನೋಡಿ ಕೇಳಿದರು: "ಮೇಷ್ಟ್ರೇ, ಇವನು ಹಣ್ಣು ಕೊಯ್ದದ್ದನ್ನು ಎಲ್ಲಿ ಬರೆದಿದ್ದೀರಿ?"

ಎಲ್ಲೂ ಬರೆದಿರಲಿಲ್ಲ.

ಮೂರನೆಯ ಕ್ರಮ

ರೊಬಸ್ಟಾ ಕೊಯ್ಲು ಜನವರಿಯಲ್ಲಿ ಶುರುವಾಗಿತ್ತು. ಆಳುಗಳು ಸಿಗದ ಕಾಲ. ಹುಡುಗ ದಿನಕ್ಕೆ ನಾಲ್ಕು ಗಂಟೆ ಮನೆಯ ತೋಟದಲ್ಲಿ ಹಣ್ಣು ಕೊಯ್ಯುತ್ತಿದ್ದ. ಅದು ನನಗೆ ಗೊತ್ತಿರದ ವಿಷಯವಲ್ಲ, ಕೊಡಗಿನಲ್ಲಿ ಜನವರಿಯಲ್ಲಿ ಯಾರ ಮನೆಯಲ್ಲಿ ಕೊಯ್ಲು ಇಲ್ಲ? ಆದರೆ ಅದು ಮನೆಕೆಲಸ, ಇದು ವ್ಯಾಯಾಮ ಎಂದು ಎರಡು ಡಬ್ಬಿಗಳಲ್ಲಿ ಇಟ್ಟುಕೊಂಡಿದ್ದೆ.

ರೊಬಸ್ಟಾ ಕೊಯ್ದವರಿಗೆ ಗೊತ್ತು. ಎಡಗೈಯಲ್ಲಿ ರೆಂಬೆಯನ್ನು ಬಗ್ಗಿಸಿ ಹಿಡಿದು, ಬಲಗೈ ಬೆರಳುಗಳನ್ನು ಮಡಚಿ ಗೊಂಚಲನ್ನು ಎಳೆದು ಉದುರಿಸಬೇಕು. ಗಂಟೆಗೆ ನೂರಾರು ಸಲ. ಬೆರಳು ಮತ್ತು ಮಣಿಕಟ್ಟನ್ನು ಒಳಕ್ಕೆ ಮಡಚುವ ಸ್ನಾಯುಗಳು ಹೆಚ್ಚಾಗಿ ಮೊಣಕೈಯ ಒಳಬದಿಯ ಮೂಳೆಯ ಉಬ್ಬಿನಿಂದಲೇ ಹೊರಡುತ್ತವೆ. ಪುಲ್‌ಅಪ್‌ನಲ್ಲಿ ಸರಳನ್ನು ಬಿಗಿಹಿಡಿಯುವವೂ ಅವೇ. ಸರಳಿನ ಮೇಲಾಗಲಿ ಕಾಫಿ ರೆಂಬೆಯ ಮೇಲಾಗಲಿ, ಹೊರೆ ಬೀಳುವುದು ಅದೇ ಒಂದು ಅಂಗುಲ ಜಾಗದ ಮೇಲೆ. ಅವನು ಮಾಡುತ್ತಿದ್ದದ್ದು ಎರಡು ಕ್ರಮಗಳಲ್ಲ, ಮೂರು.

ನಾಲ್ಕು ಗಂಟೆಯ ಕೊಯ್ಲಿಗೆ 40 ಎಳೆತ ಎಂದು ನಾವೇ ಒಂದು ಬೆಲೆ ಕಟ್ಟಿದೆವು. ಅದು ವಿಜ್ಞಾನದ ಲೆಕ್ಕವಲ್ಲ, ಮೂವರು ಕುಳಿತು ಮಾಡಿಕೊಂಡ ಒಪ್ಪಂದ. ಆರು ದಿನಕ್ಕೆ 240. ಮೊದಲಿನ 207 ಸೇರಿದರೆ 447. ಸೊನ್ನೆಯ ಬದಲು ಏನಾದರೂ ಒಂದು ಅಂಕಿ ಅಲ್ಲಿ ಬಂದದ್ದೇ ನಮಗೆ ಮುಖ್ಯವಾಯಿತು.

ಮರುದಿನವೇ ಫಿಸಿಯೋಥೆರಪಿಸ್ಟ್ ಒಬ್ಬರ ಬಳಿ ಕರೆದುಕೊಂಡು ಹೋದೆ. ಅವರು ಒತ್ತಿ, ತಿರುಗಿಸಿ ನೋಡಿ, ಸ್ನಾಯುರಜ್ಜು ಹೊರೆ ತಾಳದೆ ನೊಂದಿದೆ ಎಂದರು. ಪೂರ್ತಿ ಸುಮ್ಮನಿರಿಸಿದರೆ ಅದು ಇನ್ನಷ್ಟು ಸೊರಗುತ್ತದೆ, ತಾಳುವಷ್ಟು ಹೊರೆ ಕೊಡುತ್ತಲೇ ಇರಬೇಕು ಎಂಬ ಅವರ ಮಾತು ನಮ್ಮ ನಾಲ್ಕು ದಿನದ ವಿರಾಮ ಏಕೆ ಸೋತಿತು ಎಂಬುದನ್ನೂ ತಿಳಿಸಿತು. ಡಿಸೆಂಬರಿನಲ್ಲೇ ಹೋಗಬೇಕಿತ್ತು.

ಯಾವುದನ್ನು ಉಳಿಸಿಕೊಳ್ಳುವುದು

ಇದು ಸುಲಭದ ಮಾತಾಗಿರಲಿಲ್ಲ. ಹುಡುಗ ಎರಡನೆಯ ಹಾಳೆಯನ್ನು ಬಿಡಲು ಒಪ್ಪಲಿಲ್ಲ. "ನಾಲ್ಕು ಏಳಾದದ್ದು ದಿನಾ ಎಳೆದದ್ದರಿಂದ ಸರ್" ಎಂದ. ಇರಬಹುದು. ನನ್ನ ಕ್ರಮದಿಂದಲೂ ಆಗಿರಬಹುದು. ಎರಡೂ ಸೇರಿ ಆಗಿರಬಹುದು. ಒಟ್ಟಿಗೆ ಶುರುಮಾಡಿದ್ದರಿಂದ ಯಾವುದು ಫಲ ಕೊಟ್ಟಿತು ಎಂದು ತಿಳಿಯುವ ದಾರಿಯೇ ನಮಗೆ ಉಳಿದಿರಲಿಲ್ಲ. ನೋವಾದಾಗ ಯಾವುದನ್ನು ತೆಗೆಯಬೇಕೆಂದು ತೋಚದೆ ಬಸ್ಕಿಯನ್ನು ತೆಗೆದದ್ದಕ್ಕೂ ಕಾರಣ ಇದೇ. ಎರಡು ಕ್ರಮಗಳನ್ನು ಒಂದೇ ದಿನ ಆರಂಭಿಸುವುದರ ಈ ನಷ್ಟದ ಬಗ್ಗೆ ಯಾರೂ ಮಾತನಾಡುವುದಿಲ್ಲ. ನನಗೆ ಅದು ಮೊಣಕೈ ನೋವಿನಷ್ಟೇ ದೊಡ್ಡದಾಗಿ ಕಂಡಿತು.

ಕೊಯ್ಲಿನ ಕಾಲದಲ್ಲಿ ಕೈಗೆ ಬಿಡುವಿನ ದಿನ ಬೇಕೇಬೇಕು, ದಿನವೂ ಎಳೆಯುವ ಕ್ರಮದಲ್ಲಿ ಅಂಥ ದಿನವೇ ಇಲ್ಲ ಎಂಬ ಒಂದೇ ಕಾರಣದ ಮೇಲೆ ನಾನು ಪಟ್ಟು ಹಿಡಿದೆ. ಮೂರು ದಿನದ ಕ್ರಮವೇ ಬೆನ್ನೆಲುಬಾಗಲಿ, ಕೊಯ್ಲು ಮುಗಿಯುವವರೆಗೆ ಅದೂ ಎರಡೇ ದಿನ ಎಂದು ತೀರ್ಮಾನವಾಯಿತು. ಎರಡನೆಯ ಹಾಳೆಯನ್ನು ಹರಿಯಲಿಲ್ಲ, ಮಡಚಿ ನೋಟ್‌ಬುಕ್ಕಿನೊಳಗೆ ಇಟ್ಟೆವು.

ಅದಕ್ಕಿಂತ ಕಷ್ಟದ ತೀರ್ಮಾನ ತಂದೆಯದು. ಮಗನನ್ನು ಮೂರು ವಾರ ಗಿಡದಿಂದ ಬಿಡಿಸಿ ಕಣದ ಕೆಲಸಕ್ಕೆ ಹಾಕಿದರು. ಹಣ್ಣು ಹರಡುವುದು, ಹೊತ್ತು ಹೊತ್ತಿಗೆ ಮಗುಚುವುದು, ಸಂಜೆ ರಾಶಿ ಮಾಡಿ ಮುಚ್ಚುವುದು. ಅವನ ಬದಲಿಗೆ ಇನ್ನೊಬ್ಬರನ್ನು ಕೂಲಿ ಕೊಟ್ಟು ಕರೆಸಬೇಕಾಯಿತು. ಎರಡು ಎಕರೆಯ ಮನೆಗೆ ಅದು ಸಣ್ಣ ಖರ್ಚಲ್ಲ. ಹುಡುಗನ ಮುಖ ಸಪ್ಪಗಾದದ್ದು ಪುಲ್‌ಅಪ್ ನಿಲ್ಲಿಸಿದ ದಿನಕ್ಕಿಂತ ಅಂದು ಹೆಚ್ಚು.

ಆಮೇಲೆ ಆದದ್ದು

ಮೂರು ವಾರ ಪುಲ್‌ಅಪ್ ಇಲ್ಲ. ಮುಂಗೈಯನ್ನು ಮೇಜಿನ ಮೇಲಿಟ್ಟು, ಅಂಗೈ ಮೇಲೆ ಮಾಡಿ, ಒಂದು ಲೀಟರ್ ನೀರಿನ ಬಾಟಲಿಯನ್ನು ಅಲುಗಾಡಿಸದೆ 45 ಸೆಕೆಂಡ್ ಹಿಡಿಯುವುದು, ದಿನಕ್ಕೆ ಐದು ಸಲ. ನೋವು ತಗ್ಗಿದ ಮೇಲೆ ಅದೇ ಬಾಟಲಿಯನ್ನು ಬಹಳ ನಿಧಾನವಾಗಿ ಕೆಳಗಿಳಿಸುವುದು. ಬಸ್ಕಿಯನ್ನೂ ಪುಷ್‌ಅಪ್ ಅನ್ನೂ ಮತ್ತೆ ಸೇರಿಸಿದೆವು. ಸಿಲ್ವರ್ ಓಕ್ ನಡುವಿನ ಪೈಪಿಗೆ ಅಡ್ಡಲಾಗಿ ಎರಡು ತುಂಡು ಪೈಪ್ ಕಟ್ಟಿ, ಅಂಗೈಗಳು ಒಂದಕ್ಕೊಂದು ಎದುರಾಗುವ ಹಿಡಿತ ಮಾಡಿಕೊಂಡೆವು. ಅವನ ಮೊಣಕೈಗೆ ಆ ಹಿಡಿತ ಹಿತವಾಗಿತ್ತು. ಊಟದಲ್ಲಿಯೂ ಒಂದು ಬದಲಾವಣೆ: ಬೆಳಗಿನ ಅಕ್ಕಿ ರೊಟ್ಟಿಯ ಜೊತೆಗೆ ಎರಡು ಮೊಟ್ಟೆ, ಸಂಜೆ ಬೇಯಿಸಿದ ಕಡಲೆಕಾಳು. ಅಷ್ಟು ದಿನ ಕಾಫಿ ಕುಡಿದು ಸರಳಿಗೆ ಜೋತುಬೀಳುತ್ತಿದ್ದವನು ಅವನು.

ಮಾರ್ಚ್ ಮೊದಲ ವಾರದಿಂದ ಒಂದೇ ನಿಯಮ. ಪುಲ್‌ಅಪ್, ಅಡ್ಡ ಎಳೆತ, ತೋಟದ ಕೆಲಸ ಎಲ್ಲ ಸೇರಿ ವಾರಕ್ಕೆ 60 ಎಳೆತ. ಬೆಳಿಗ್ಗೆ ಎದ್ದಾಗ ಮೊಣಕೈ ಬಿಗಿಯದಿದ್ದರೆ ಮುಂದಿನ ವಾರ 10 ಹೆಚ್ಚು, ಬಿಗಿದರೆ ಅಲ್ಲಿಯೇ ನಿಲ್ಲುವುದು. ಮೆಣಸು ಕೊಯ್ಯಲು ಏಣಿ ಹತ್ತಿದ ದಿನಗಳನ್ನೂ ಬರೆದ. ಎರಡು ವಾರ ಏರಿಸದೆ ನಿಂತದ್ದೂ ಉಂಟು. ಏಪ್ರಿಲ್ ಮಧ್ಯದಲ್ಲಿ ಮತ್ತೆ ಏಳು ಬಂದವು. ಆಗ ಮಡಚಿಟ್ಟ ಹಾಳೆಯನ್ನು ತೆಗೆದೆವು, ಪೂರ್ತಿಯಾಗಿ ಅಲ್ಲ. ಮಂಗಳವಾರ ಮತ್ತು ಶನಿವಾರ ಮೂರು ಹೊತ್ತು, ಪ್ರತಿ ಹೊತ್ತಿಗೂ ಎರಡು. ವಾರಕ್ಕೆ ಹನ್ನೆರಡು ಎಳೆತ, ಅವೂ ಒಟ್ಟು ಲೆಕ್ಕದ ಒಳಗೇ. ಆ ಕ್ರಮದ ಜೀವಾಳ ಸುಸ್ತಾಗದೆ ಆಗಾಗ ಎಳೆಯುವುದರಲ್ಲಿತ್ತು, ತೊಂಬತ್ತು ಎಂಬ ಅಂಕಿಯಲ್ಲಿ ಅಲ್ಲ. ಮೇ ಕೊನೆಗೆ ಅವನ ವಾರದ ಲೆಕ್ಕ 160 ಮುಟ್ಟಿತು. ನವೆಂಬರಿನಲ್ಲಿ ಮೊದಲ ವಾರವೇ ನೆಗೆದು ಹತ್ತಿದ್ದ ಎತ್ತರವನ್ನು ಈ ಸಲ ಹನ್ನೆರಡು ವಾರಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹತ್ತಿದ್ದ. ಪುಲ್‌ಅಪ್ ಒಂಬತ್ತು, ಓಟ 5 ನಿಮಿಷ 41 ಸೆಕೆಂಡ್. ಹತ್ತು ಇನ್ನೂ ಬಂದಿಲ್ಲ, ಭರ್ತಿಯ ದಿನವೂ ಬಂದಿಲ್ಲ.

ಎರಡು ಕ್ರಮಗಳು ಎಂದೂ ಸೇರಬಾರದು ಎಂದು ನಾನು ಹೇಳುವುದಿಲ್ಲ. ಅದೇ ಬೆಳಿಗ್ಗೆಗಳಲ್ಲಿ ನನ್ನ ಬಳಿ ಬರುವ ಹಾಕಿ ಆಟಗಾರ್ತಿಯೊಬ್ಬಳು ಪುಷ್‌ಅಪ್ ಹೆಚ್ಚಿಸುವ ಒಂದು ಕ್ರಮವನ್ನೂ ಒಂಟಿಗಾಲಿನ ಬಸ್ಕಿ ಕಲಿಯುವ ಇನ್ನೊಂದನ್ನೂ ಮೂರು ತಿಂಗಳು ಜೊತೆಯಾಗಿಯೇ ಮಾಡಿದಳು, ಏನೂ ತೊಂದರೆಯಾಗಲಿಲ್ಲ. ಅವಳ ಒಂದು ಕ್ರಮ ಭುಜ ಮತ್ತು ಎದೆಯದು, ಇನ್ನೊಂದು ಕಾಲಿನದು. ಈ ಹುಡುಗನ ಎರಡೂ ಕ್ರಮಗಳು ಒಂದೇ ಕೀಲಿನ ಬಾಗಿಲಿಗೆ ಬಂದು ನಿಂತಿದ್ದವು. ಈಗ ಯಾರಾದರೂ ಎರಡು ಹಾಳೆ ಹಿಡಿದು ಬಂದರೆ ಕ್ರಮಗಳ ಹೆಸರನ್ನು ನಾನು ಕೇಳುವುದೇ ಇಲ್ಲ. ಭುಜ, ಮೊಣಕೈ, ಸೊಂಟ, ಮಂಡಿ ಎಂದು ನಾಲ್ಕು ಅಂಕಣ ಹಾಕಿಸಿ, ಪ್ರತಿಯೊಂದರ ವಾರದ ಲೆಕ್ಕ ಬರೆಸುತ್ತೇನೆ. ಐದನೆಯ ಅಂಕಣ ಮನೆಕೆಲಸದ್ದು. ಎರಡನೆಯ ಹಾಳೆ ಬೇಕೇ ಬೇಕೆಂದರೆ ಮೊದಲನೆಯದನ್ನು ಹಿಡಿದು ಎಂಟು ವಾರವಾದರೂ ಕಳೆದಿರಬೇಕು.

ಈಗ ಮಳೆ ಹಿಡಿದಿದೆ. ಮರಗಳ ನಡುವಿನ ಪೈಪ್ ಜಾರುವುದರಿಂದ ಹುಡುಗ ಕೊಟ್ಟಿಗೆಯ ತೊಲೆಗೆ ಹಗ್ಗ ಕಟ್ಟಿಕೊಂಡು ಎಳೆಯುತ್ತಿದ್ದಾನೆ. ಮೊನ್ನೆ ನೋಟ್‌ಬುಕ್ ತೋರಿಸಿದ. ಬರುವ ಜನವರಿಯ ಪುಟಕ್ಕೆ ತಂದೆಯ ಚೆಕ್‌ರೋಲಿನಂತೆಯೇ ಗೆರೆ ಎಳೆದು ಈಗಲೇ ಬರೆದಿಟ್ಟಿದ್ದಾನೆ: ಕೊಯ್ಲು ಆರು ದಿನ, 240. ಪುಲ್‌ಅಪ್ ಭಾನುವಾರ ಮಾತ್ರ, 12.